ಹಿಂಸೆಯ ಇತಿಹಾಸವಿಲ್ಲದ ಧರ್ಮ ಇದೆಯಾ? ಬ್ರಹ್ಮಗಿರಿ ಬಂಡೆಯಿಂದ ಶುರುವಾದ ಟಿಪ್ಪಣಿ

ಹೋದ ತಿಂಗಳು ನಮ್ಮ ಅಭ್ಯಾಸ ಪರೀಕ್ಷೆಯಲ್ಲಿ ಪ್ರಬಂಧಕ್ಕೆ ಈ ವಿಷಯ ಬಂದಿತ್ತು. ನಾನು ‘ಯಾವ ಧರ್ಮವೂ ಇಲ್ಲ’ ಅಂತ ಶುರು ಮಾಡಿ, ಬೌದ್ಧ ಧರ್ಮಕ್ಕೆ ಉದಾಹರಣೆಯಾಗಿ ಕಳಿಂಗ ಯುದ್ಧ ಬರೆದು ಬಂದೆ. ತಿದ್ದಿದವರು ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ‘ಆಗ ಅಶೋಕ ಬೌದ್ಧನಾಗಿದ್ದನೇ?’ ಎಂದು ಕೇಳಿದ್ದರು. ಎರಡು ದಿನ ಅದನ್ನೇ ತಲೆಯಲ್ಲಿಟ್ಟುಕೊಂಡು ಓಡಾಡಿದೆ. ಉತ್ತರ ಸರಿ ಇದ್ದರೂ ಸಾಕ್ಷಿ ತಪ್ಪಾದರೆ ಇಡೀ ಪ್ರಬಂಧ ಅಲ್ಲಾಡಿಹೋಗುತ್ತದೆ. ದಾವಣಗೆರೆಯಲ್ಲಿ ನನ್ನ ಜೊತೆ ಓದುವ ಇನ್ನೂ ಇಬ್ಬರು ಇದೇ ತಪ್ಪು ಮಾಡಿದ್ದರು. ಅದಕ್ಕೇ ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಮೊದಲು ಪ್ರಶ್ನೆಯನ್ನು ಒಡೆಯಿರಿ

ನಮ್ಮ ‘ಧರ್ಮ’ ಅನ್ನೋ ಪದ ಬಹಳ ದೊಡ್ಡದು. ‘ಧರ್ಮ ಮಾಡಿ ತಾಯಿ’ ಅಂದರೆ ದಾನ. ‘ಧರ್ಮಕ್ಕೆ ಸಿಕ್ಕಿತು’ ಅಂದರೆ ಪುಕ್ಕಟೆ. ‘ಹಾಗೆ ಮಾಡೋದು ಧರ್ಮ ಅಲ್ಲ’ ಅಂದರೆ ನ್ಯಾಯ ಅಲ್ಲ. ಪ್ರಶ್ನೆಯಲ್ಲಿ ಕೇಳಿರುವುದು ಇವು ಯಾವುದೂ ಅಲ್ಲ, ಮತ ಎನ್ನುವ ಅರ್ಥದ ಧರ್ಮ. ಅದರೊಳಗೂ ಮೂರು ಪ್ರಶ್ನೆ ಅಂಟಿಕೊಂಡಿವೆ. ಆ ಮತ ಏನು ಹೇಳುತ್ತದೆ? ಅದನ್ನು ನಂಬಿದವರು ಏನು ಮಾಡಿದರು? ಮಾಡಿದ್ದು ಮತಕ್ಕಾಗಿಯೋ, ಬೇರೆ ಯಾವುದಕ್ಕೋ?

ಮೂರನೆಯದಕ್ಕೆ ನಾನು ಬಳಸುವ ಉಪಾಯ ಒಂದಿದೆ. ಘಟನೆಯಿಂದ ಮತದ ಹೆಸರನ್ನು ತೆಗೆದುಹಾಕಿ ನೋಡಿ. ಆಗಲೂ ಅದು ಹಾಗೇ ನಡೆಯುತ್ತಿತ್ತಾ?

1779ರಲ್ಲಿ ಹೈದರಾಲಿ ಚಿತ್ರದುರ್ಗ ಗೆದ್ದ. ಮದಕರಿ ನಾಯಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದ. ಓಬವ್ವನ ಕಿಂಡಿಯ ಹತ್ತಿರ ನಿಂತಾಗ ಇದು ಎರಡು ಮತಗಳ ಜಗಳ ಅಂತ ಅನ್ನಿಸಿಬಿಡುತ್ತದೆ. ಆದರೆ ಇದೇ ಮದಕರಿ ನಾಯಕರು ಮುಂಚೆ ಹೈದರನ ಪರವಾಗಿ ದಂಡು ಕಟ್ಟಿಕೊಂಡು ಹೋಗಿದ್ದವರು. ಮನಸ್ತಾಪ ಬಂದದ್ದು ಮರಾಠರ ವಿಷಯಕ್ಕೆ. ಮತದ ಹೆಸರು ತೆಗೆದರೂ ಕೋಟೆ, ಕಪ್ಪಕಾಣಿಕೆ, ಮರಾಠರು ಎಲ್ಲ ಅಲ್ಲೇ ಉಳಿಯುತ್ತವೆ, ಯುದ್ಧವೂ ಉಳಿಯುತ್ತದೆ. ಹಾಗಾಗಿ ಅದು ರಾಜ್ಯದ ಯುದ್ಧ. 1099ರಲ್ಲಿ ಕ್ರೈಸ್ತ ಪಡೆಗಳು ಜೆರುಸಲೇಮ್ ಗೆದ್ದ ಮೊದಲ ಕ್ರುಸೇಡ್ ಹಾಗಲ್ಲ. 1095ರಲ್ಲಿ ಪೋಪ್ ಎರಡನೇ ಅರ್ಬನ್ ಕರೆ ಕೊಡದೆ ಇದ್ದಿದ್ದರೆ, ಆ ಊರು ಪವಿತ್ರ ಅನ್ನೋ ನಂಬಿಕೆ ಇಲ್ಲದಿದ್ದರೆ, ಯುರೋಪಿನ ರೈತ ಅಷ್ಟು ದೂರ ನಡೆದು ಹೋಗುತ್ತಿರಲಿಲ್ಲ. ಅದು ಮತದ ಲೆಕ್ಕಕ್ಕೇ ಬರುತ್ತದೆ. 1560ರಲ್ಲಿ ಶುರುವಾದ ಗೋವಾ ಇನ್‌ಕ್ವಿಸಿಷನ್, ಅಂದರೆ ಪೋರ್ಚುಗೀಸರ ಮತ ವಿಚಾರಣೆಯ ನ್ಯಾಯಾಲಯ, ಕೂಡ ಅಷ್ಟೇ. ಇವು ನಮ್ಮ ಪುಸ್ತಕಗಳಲ್ಲಿ ಬೇಕಾದಷ್ಟಿವೆ, ಮುಂದಕ್ಕೆ ಹೋಗೋಣ.

ಕಳಿಂಗದ ಲೆಕ್ಕ: ನಾನು ಎಡವಿದ ಜಾಗ

ಇದನ್ನು ಸ್ವಲ್ಪ ಜಾಸ್ತಿಯೇ ಬಿಡಿಸಿ ಹೇಳುತ್ತೇನೆ.

ಹದಿಮೂರನೇ ಬಂಡೆ ಶಾಸನದಲ್ಲಿ ಅಶೋಕ ತಾನೇ ಹೇಳುವುದು: ಪಟ್ಟಾಭಿಷೇಕವಾಗಿ ಎಂಟು ವರ್ಷವಾದಾಗ ಕಳಿಂಗ ಗೆದ್ದೆ. ಒಂದೂವರೆ ಲಕ್ಷ ಜನರನ್ನು ಹಿಡಿದು ಸಾಗಿಸಿದರು, ಒಂದು ಲಕ್ಷ ಜನ ಕೊಲೆಯಾದರು, ಅದರ ಎಷ್ಟೋ ಪಟ್ಟು ಜನ ಸತ್ತರು. ಇದು ಸುಮಾರು ಕ್ರಿ.ಪೂ. 261.

ಈಗ ನಮ್ಮ ಬ್ರಹ್ಮಗಿರಿಗೆ ಬನ್ನಿ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರೂ ಕಡೆ ಅಶೋಕನ ಕಿರು ಬಂಡೆ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವರು ಇವನ್ನು ಬೆಳಕಿಗೆ ತಂದರು. ಅಲ್ಲಿ ಅರಸ ಹೇಳುವುದು ಇಷ್ಟು: ನಾನು ಉಪಾಸಕನಾಗಿ (ಅಂದರೆ ಬುದ್ಧನ ಗೃಹಸ್ಥ ಅನುಯಾಯಿಯಾಗಿ) ಎರಡೂವರೆ ವರ್ಷಕ್ಕಿಂತ ಜಾಸ್ತಿ ಆಯಿತು. ಒಂದು ವರ್ಷ ಅಷ್ಟೇನೂ ಶ್ರದ್ಧೆ ತೋರಲಿಲ್ಲ. ಸಂಘದ (ಭಿಕ್ಷುಗಳ ಸಮೂಹದ) ಹತ್ತಿರ ಹೋಗಿ ಒಂದು ವರ್ಷದ ಮೇಲಾಯಿತು, ಈಗ ಚೆನ್ನಾಗಿ ಶ್ರಮಿಸುತ್ತಿದ್ದೇನೆ.

ನನ್ನ ತಪ್ಪು ಇಲ್ಲಿದೆ. ಈ ಎರಡೂವರೆ ವರ್ಷವನ್ನು ನಾನು ಕಳಿಂಗಕ್ಕೆ ಮುಂಚೆ ಇಟ್ಟಿದ್ದೆ. ಬ್ರಹ್ಮಗಿರಿ ಶಾಸನದಲ್ಲಿ ಆಳ್ವಿಕೆಯ ವರ್ಷ ಕೊಟ್ಟಿಲ್ಲ, ಹಾಗಾಗಿ ಎಲ್ಲಿ ಬೇಕಾದರೂ ಕೂರಿಸಬಹುದು ಅಂದುಕೊಂಡೆ. ಆಗ ಕಳಿಂಗದ ಹೊತ್ತಿಗೆ ಅಶೋಕ ಬೌದ್ಧನಾಗಿದ್ದ ಅಂತ ಆಗಿಬಿಡುತ್ತದೆ. ಆದರೆ ಹದಿಮೂರನೇ ಶಾಸನದ ಮುಂದಿನ ಸಾಲು ಓದಿ: ಕಳಿಂಗ ಕೈಗೆ ಬಂದ *ಆಮೇಲೆ* ಧಮ್ಮದ ಮೇಲೆ ಆಸೆ, ಧಮ್ಮದ ಆಚರಣೆ, ಧಮ್ಮದ ಬೋಧನೆ ಗಟ್ಟಿಯಾಯಿತು. ‘ಆಮೇಲೆ’ ಅನ್ನೋ ಆ ಪದವೇ ಬೀಗದ ಕೈ. ಎಂಟಕ್ಕೆ ಎರಡೂವರೆ ಕೂಡಿಸಬೇಕು, ಕಳೆಯಬಾರದು. ಎಂಟನೇ ವರ್ಷ ಕಳಿಂಗ. ಆಮೇಲೆ ಮಂದ ಶ್ರದ್ಧೆಯ ಒಂದು ವರ್ಷ. ಆಮೇಲೆ ಸಂಘದ ಒಡನಾಟ. ಎಂಟನೇ ಬಂಡೆ ಶಾಸನದಲ್ಲಿ ಪಟ್ಟವಾಗಿ ಹತ್ತು ವರ್ಷವಾದಾಗ ಸಂಬೋಧಿಗೆ, ಅಂದರೆ ಬೋಧಗಯೆಗೆ, ಹೋದೆ ಅಂತಾನೆ. ಅದೂ ಸರಿಯಾಗಿ ಕೂರುತ್ತದೆ. ಬ್ರಹ್ಮಗಿರಿಯ ಬಂಡೆ ಬರೆಸಿದ್ದು ಎಷ್ಟು ಬೇಗ ಅಂದರೂ ಹತ್ತೂವರೆ ವರ್ಷದ ಆಚೆಗೇ ಬರುತ್ತದೆ.

ಇದರಿಂದ ಇನ್ನೊಂದೂ ಗೊತ್ತಾಗುತ್ತದೆ. ರಣರಂಗದಲ್ಲಿ ಹೆಣ ನೋಡಿ ಒಂದೇ ಕ್ಷಣಕ್ಕೆ ಬದಲಾದ ಅಂತ ಶಾಲೆಯಲ್ಲಿ ಕೇಳಿದ್ದೆವಲ್ಲ, ಅದು ಶಾಸನಕ್ಕೆ ಹೊಂದುವುದಿಲ್ಲ. ಒಂದು ವರ್ಷ ಶ್ರದ್ಧೆ ಇರಲಿಲ್ಲ ಅಂತ ಅವನೇ ಒಪ್ಪಿಕೊಂಡಿದ್ದಾನೆ. ಒಬ್ಬ ಚಕ್ರವರ್ತಿ ಇದನ್ನು ಕಲ್ಲಿನ ಮೇಲೆ ಕೆತ್ತಿಸಿದ್ದು ನನಗೆ ಬಹಳ ದೊಡ್ಡದು ಅನ್ನಿಸಿತು.

ಲೆಕ್ಕ ಸರಿಯಾದ ಮೇಲೆ ಒಂದು ಭಾನುವಾರ ಚಳ್ಳಕೆರೆ ಮೇಲೆ ಹೋಗಿ ಆ ಬಂಡೆ ನೋಡಿ ಬಂದೆ. ಬ್ರಾಹ್ಮಿ ಅಕ್ಷರಗಳು ನಾನು ಅಂದುಕೊಂಡಿದ್ದಕ್ಕಿಂತ ಸಣ್ಣವು. ಓರೆಯಿಂದ ಬೆಳಕು ಬಿದ್ದರೆ ಮಾತ್ರ ಗೆರೆ ಕಾಣುತ್ತದೆ. ಕೊನೆಯಲ್ಲಿ ಬರೆದವನ ಹೆಸರು ಚಪಡ ಅಂತಿದೆ. ‘ಲಿಪಿಕರ’ ಅನ್ನೋ ಅವನ ಕೆಲಸದ ಹೆಸರು ಮಾತ್ರ ಖರೋಷ್ಠಿಯಲ್ಲಿದೆ, ಬಲದಿಂದ ಎಡಕ್ಕೆ. ಖರೋಷ್ಠಿ ವಾಯವ್ಯ ದಿಕ್ಕಿನ ಲಿಪಿ. ಸಂದೇಶದ ತಿರುಳು ತೀರಾ ಸರಳ: ತಂದೆ ತಾಯಿಯ ಮಾತು ಕೇಳಿ, ಜೀವಿಗಳ ಮೇಲೆ ದಯೆ ಇರಲಿ, ಸತ್ಯ ನುಡಿಯಿರಿ, ಶಿಷ್ಯ ಗುರುವನ್ನು ಗೌರವಿಸಲಿ. ಕಳಿಂಗದ ಸುದ್ದಿ ಇಲ್ಲಿ ಇಲ್ಲವೇ ಇಲ್ಲ. ಕಳಿಂಗದ ನೆಲದಲ್ಲೇ ಇರುವ ಧೌಲಿ ಮತ್ತು ಜೌಗಡದಲ್ಲೂ ಹದಿಮೂರನೇ ಶಾಸನ ಕೆತ್ತಿಸಿಲ್ಲ. ಪಶ್ಚಾತ್ತಾಪವನ್ನು ನೊಂದವರ ಮುಂದೆ ಬರೆಸದೆ ಉಳಿದ ಕಡೆ ಬರೆಸಿದ್ದಾನೆ. ಇದು ಪರೀಕ್ಷೆಗೆ ಬರಲಿ ಬಿಡಲಿ, ನೆನಪಿಡಿ.

ಹಾಗಾದರೆ ಕಳಿಂಗ ಬೌದ್ಧ ಧರ್ಮದ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಬೌದ್ಧನಾದ ಮೇಲೆ ಎಲ್ಲ ಶಾಂತವಾಯಿತಾ? ಇಲ್ಲ. ಅದೇ ಹದಿಮೂರನೇ ಶಾಸನದಲ್ಲಿ ಕಾಡಿನ ಜನರಿಗೆ ಎಚ್ಚರಿಕೆ ಇದೆ: ದೇವಾನಾಂಪ್ರಿಯ (ಅಶೋಕನ ಬಿರುದು) ನೊಂದಿದ್ದಾನೆ ನಿಜ, ಆದರೂ ಅವನಿಗೆ ಶಕ್ತಿ ಇದೆ, ತಪ್ಪಿಗೆ ನಾಚಿ ತಿದ್ದಿಕೊಂಡರೆ ಕೊಲೆಯಾಗುವುದಿಲ್ಲ. ನಾಲ್ಕನೇ ಸ್ತಂಭ ಶಾಸನದಲ್ಲಿ ಮರಣದಂಡನೆಯಾದವರಿಗೆ ಮೂರು ದಿನ ಗಡುವು ಕೊಟ್ಟಿದ್ದಾನೆ. ಗಡುವು ಕೊಟ್ಟ ಅಂದರೆ ಮರಣದಂಡನೆ ಇತ್ತು ಅಂತಲೇ ಅರ್ಥ, ಅಲ್ವಾ?

ಗದ್ದುಗೆ ಸಿಕ್ಕಿತ್ತಾ?

ಇಲ್ಲಿಂದ ನನಗೆ ಸಿಕ್ಕ ಎರಡನೇ ಉಪಾಯ ಇದು. ಯಾವುದಾದರೂ ಮತ ಚೊಕ್ಕವಾಗಿ ಕಂಡರೆ, ಅದಕ್ಕೆ ಎಂದಾದರೂ ಗದ್ದುಗೆ ಸಿಕ್ಕಿತ್ತಾ ಅಂತ ಮೊದಲು ಕೇಳಿ. ಗದ್ದುಗೆ ಅಂದರೆ ದಂಡು, ಖಜಾನೆ, ಸೆರೆಮನೆ.

ಬೌದ್ಧ ಧರ್ಮಕ್ಕೆ ಶ್ರೀಲಂಕಾದಲ್ಲಿ ಸಿಕ್ಕಿತು. ಅಲ್ಲಿನ ಅರಸರ ಕಥೆ ಹೇಳುವ ಹಳೆಯ ಪಾಲಿ ಗ್ರಂಥ ಮಹಾವಂಶದಲ್ಲಿ ದುಟ್ಟಗಾಮಣಿ ಎಂಬ ಅರಸ ಈಟಿಯಲ್ಲಿ ಬುದ್ಧನ ಅವಶೇಷ ಇಟ್ಟುಕೊಂಡು ಯುದ್ಧಕ್ಕೆ ಹೋಗುತ್ತಾನೆ. ಗೆದ್ದ ಮೇಲೆ ಸತ್ತವರನ್ನು ನೆನೆದು ನಿದ್ದೆ ಬರದೆ ಒದ್ದಾಡುತ್ತಾನೆ. ಆಗ ಅರ್ಹಂತರು, ಅಂದರೆ ಸಿದ್ಧಿ ಪಡೆದ ಭಿಕ್ಷುಗಳು, ಬಂದು ಸಮಾಧಾನ ಹೇಳುತ್ತಾರೆ: ನೀನು ಕೊಂದದ್ದು ಒಂದೂವರೆ ಮನುಷ್ಯರನ್ನು ಮಾತ್ರ. ತ್ರಿಶರಣಕ್ಕೆ (ಬುದ್ಧ, ಧಮ್ಮ, ಸಂಘಕ್ಕೆ ಶರಣು) ಬಂದವನೊಬ್ಬ ಅರ್ಧ, ಪಂಚಶೀಲವನ್ನೂ (ಐದು ನಿಯಮ) ಹಿಡಿದವನೊಬ್ಬ ಪೂರ್ತಿ, ಉಳಿದವರು ಪಶುಗಳಿಗೆ ಸಮ. ಇದನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಕೊಲ್ಲಬೇಡ ಅನ್ನೋ ಮಾತನ್ನು ಅಳಿಸಿಲ್ಲ. ‘ಮನುಷ್ಯ’ ಅನ್ನೋ ಪದವನ್ನು ಚಿಕ್ಕದು ಮಾಡಿದ್ದಾರೆ. ಬೇರೆ ಮತಗಳ ಹಿಂಸೆಯಲ್ಲೂ ಇದೇ ಕೆಲಸ ನಡೆದಿರುವುದು ಕಾಣುತ್ತದೆ, ಹುಡುಕಿ ನೋಡಿ. 1959ರಲ್ಲಿ ಶ್ರೀಲಂಕಾದ ಪ್ರಧಾನಿ ಬಂಡಾರನಾಯಕೆ ಅವರನ್ನು ಗುಂಡಿಟ್ಟು ಕೊಂದವನು ಒಬ್ಬ ಬೌದ್ಧ ಭಿಕ್ಷು. ಜಪಾನಿನ ಹಿಯೇ ಬೆಟ್ಟದ ಮಠದಲ್ಲಿ ಆಯುಧ ಹಿಡಿದ ಸನ್ಯಾಸಿಗಳ ಪಡೆಯೇ ಇತ್ತು. 1571ರಲ್ಲಿ ಸೇನಾನಾಯಕ ಓಡಾ ನೊಬುನಾಗ ಆ ಮಠವನ್ನು ಸುಟ್ಟ. 2017ರಲ್ಲಿ ಬೌದ್ಧರೇ ಹೆಚ್ಚಿರುವ ಮ್ಯಾನ್ಮಾರ್‌ನಿಂದ, ಸೇನೆಯ ದಾಳಿಗೆ ಹೆದರಿ, 7 ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾ ಮುಸ್ಲಿಮರು ಬಾಂಗ್ಲಾದೇಶಕ್ಕೆ ಓಡಿದರು.

ಜೈನರ ವಿಷಯ ಸೂಕ್ಷ್ಮ. ಅಹಿಂಸೆಯನ್ನು ಇಷ್ಟು ಆಳವಾಗಿ ಯೋಚಿಸಿದ ಮತ ಇನ್ನೊಂದಿಲ್ಲ ಅನ್ನೋದು ನನ್ನ ಅಭಿಪ್ರಾಯ. ಹಿಂಸೆಯನ್ನೇ ಅವರು ನಾಲ್ಕು ಮಾಡಿದ್ದಾರೆ: ಬೇಕೆಂದೇ ಮಾಡುವ ಸಂಕಲ್ಪಿ, ಮನೆಗೆಲಸದಲ್ಲಿ ಆಗುವ ಆರಂಭಿ, ಕಸುಬಿನಲ್ಲಿ ಆಗುವ ಉದ್ಯೋಗಿ, ಎದುರಾಳಿಯನ್ನು ತಡೆಯಲು ಮಾಡುವ ವಿರೋಧಿ. ಗೃಹಸ್ಥನಿಗೆ ಮೊದಲನೆಯದು ಪೂರ್ತಿ ಬೇಡ. ಕೊನೆಯದಕ್ಕೆ ಬಾಗಿಲು ಸ್ವಲ್ಪ ತೆರೆದಿದೆ. ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ದಂಡನಾಯಕ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನೂ ಜೈನ. ಇವರು ಮಾಡಿದ ಯುದ್ಧಗಳಿಂದ ಮತದ ಹೆಸರು ತೆಗೆದರೂ ಯುದ್ಧ ಉಳಿಯುತ್ತದೆ. ಹಾಗಾಗಿ ನನ್ನ ಉತ್ತರ ಹೀಗೆ: ಜೈನರು ಯುದ್ಧ ಮಾಡಿದ್ದಾರೆ, ಜೈನ ಮತಕ್ಕಾಗಿ ಮಾಡಿದ್ದು ಹುಡುಕಿದರೂ ಕಷ್ಟ. ಪ್ರಬಂಧದಲ್ಲಿ ಈ ವ್ಯತ್ಯಾಸ ಬರೆಯಲೇಬೇಕು.

ಗದ್ದುಗೆಯೇ ಸಿಗದ ಬಹಾಯಿ ಮತವನ್ನು ಕೆಲವರು ಉದಾಹರಣೆ ಕೊಡುತ್ತಾರೆ. ಇರಾನಿನಲ್ಲಿ ಅವರು ಪಟ್ಟ ಪಾಡು ಬಹಳ. ಆ ಮತದ ಸ್ಥಾಪಕ ಬಹಾಉಲ್ಲಾ ಧರ್ಮಯುದ್ಧವನ್ನೇ ಬೇಡ ಅಂದವರು. ಆದರೂ 1872ರಲ್ಲಿ ಅಕ್ಕಾ ಊರಲ್ಲಿ ಕೆಲವು ಅನುಯಾಯಿಗಳು ಎದುರು ಪಂಗಡದ ಮೂವರನ್ನು ಕೊಂದರು, ಬಹಾಉಲ್ಲಾ ಅದನ್ನು ಖಂಡಿಸಿದರು. ಬೋಧನೆ ಬೇರೆ, ಅನುಯಾಯಿ ಬೇರೆ ಅನ್ನಲು ಇದಕ್ಕಿಂತ ಸಣ್ಣ, ಸ್ಪಷ್ಟ ಉದಾಹರಣೆ ನನಗೆ ಸಿಕ್ಕಿಲ್ಲ.

ಹಿಂದೂ ಪಂಥಗಳ ಒಳಗೆ ಇರಲಿಲ್ಲವಾ? 1760ರ ಹರಿದ್ವಾರ ಕುಂಭಮೇಳದಲ್ಲಿ ಶೈವ ಗೋಸಾಯಿಗಳೂ ವೈಷ್ಣವ ಬೈರಾಗಿಗಳೂ ಆಯುಧ ಹಿಡಿದು ಬಡಿದಾಡಿದರು.

ನಮ್ಮ ಹತ್ತಿರದ ಕಲ್ಲುಗಳು

ದಾವಣಗೆರೆಯವರಿಗೆ ಹರಿಹರ ಅರ್ಧ ಗಂಟೆಯ ದಾರಿ. 1224ರ ಹೊತ್ತಿಗೆ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ. ಗರ್ಭಗುಡಿಯಲ್ಲಿ ಅರ್ಧ ಹರ, ಅರ್ಧ ಹರಿ, ಒಂದೇ ಮೈ. ಸಾಮರಸ್ಯಕ್ಕೆ ನಾವೆಲ್ಲ ಇದನ್ನೇ ಉದಾಹರಣೆ ಕೊಡುತ್ತೇವೆ, ತಪ್ಪೇನಿಲ್ಲ. ಆದರೆ ಸ್ಥಳಪುರಾಣದಲ್ಲಿ ಇಬ್ಬರೂ ಒಂದಾದದ್ದು ಗುಹಾಸುರನನ್ನು ಕೊಲ್ಲುವುದಕ್ಕೆ. ಹರಿಯಿಂದಲೂ ಹರನಿಂದಲೂ ಸಾವಿಲ್ಲ ಅಂತ ಅವನಿಗೆ ವರ ಇತ್ತು. ಒಂದಾಗುವ ಕಥೆಗೂ ಒಬ್ಬ ಶತ್ರು ಬೇಕಾಯಿತು.

ಪಕ್ಕದ ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನದಲ್ಲಿ ಶಿವಭಕ್ತ ಏಕಾಂತದ ರಾಮಯ್ಯ ಜೈನರ ಜೊತೆ ಪಣ ಕಟ್ಟಿ, ತಲೆ ಕೊಯ್ದುಕೊಂಡು ಮತ್ತೆ ಪಡೆದು, ಜಿನನ ವಿಗ್ರಹ ಒಡೆದ ಕಥೆ ಇದೆ. ತಲೆ ಮತ್ತೆ ಬಂದದ್ದು ಭಕ್ತಿಯ ಮಾತು. ವಿಗ್ರಹ ಒಡೆದದ್ದನ್ನು ಅಭಿಮಾನದಿಂದ ಕಲ್ಲಲ್ಲಿ ಬರೆಸಿದ್ದು ಮಾತ್ರ ಇತಿಹಾಸದ ಮಾತು. ಇನ್ನು ಸುಮಾರು 1167ರ ಕಲ್ಯಾಣ. ಜಾತಿ ಮೀರಿ ಮಕ್ಕಳ ಮದುವೆ ಮಾಡಿದ ಶರಣರು ಹರಳಯ್ಯ ಮಧುವರಸರಿಗೆ ಎಳೆಹೂಟೆಯ (ಆನೆಯ ಕಾಲಿಗೆ ಕಟ್ಟಿ ಎಳೆಸುವ) ಶಿಕ್ಷೆ, ಆಮೇಲೆ ಅರಸ ಬಿಜ್ಜಳನ ಕೊಲೆ ಅಂತ ಪರಂಪರೆ ಹೇಳುತ್ತದೆ. ಇಲ್ಲಿ ಮೊದಲ ಉಪಾಯ ನನಗೆ ಕೈಕೊಡುತ್ತದೆ. ಜಾತಿ, ಗದ್ದುಗೆ, ಭಕ್ತಿ ಮೂರೂ ಒಂದಕ್ಕೊಂದು ಹೆಣೆದುಕೊಂಡಿವೆ. ಒಂದನ್ನು ಎಳೆದರೆ ಇನ್ನೆರಡೂ ಬರುತ್ತವೆ.

ಕೊನೆಗೆ 1368ರ ಶ್ರವಣಬೆಳಗೊಳದ ಶಾಸನ. ಶ್ರೀವೈಷ್ಣವರಿಂದ ಅನ್ಯಾಯವಾಗಿದೆ ಅಂತ ಜೈನರು ವಿಜಯನಗರದ ಅರಸ ಬುಕ್ಕರಾಯನ ಹತ್ತಿರ ದೂರು ಒಯ್ದರು. ಅವನು ಜೈನರ ಕೈ ಹಿಡಿದು ವೈಷ್ಣವರ ಕೈಯಲ್ಲಿಟ್ಟು, ಎರಡೂ ದರ್ಶನಗಳಲ್ಲಿ ಭೇದವಿಲ್ಲ ಅಂದ. ನನಗೆ ಇಷ್ಟವಾದದ್ದು ಅದರ ಮುಂದಿನ ಭಾಗ. ಪ್ರತಿ ಜೈನ ಮನೆಯಿಂದ ವರ್ಷಕ್ಕೆ ಒಂದು ಹಣ (ಆಗಿನ ಒಂದು ನಾಣ್ಯ) ಎತ್ತಬೇಕು. ಅದರಲ್ಲಿ ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಆಳುಗಳನ್ನು ಇಡಬೇಕು, ಅವರನ್ನು ನೇಮಿಸುವುದು ತಿರುಮಲೆಯ ತಾತಯ್ಯ, ಅಂದರೆ ಶ್ರೀವೈಷ್ಣವರ ಕಡೆಯವರು. ಉಳಿದ ಹಣದಲ್ಲಿ ಹಾಳುಬಿದ್ದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು.