ಇಸಿಎಂ ಸತ್ತಿದ್ದು ಯಾಕೆ?

ಹಳೇ ಲಾರಿಯೊಂದು ಓಡುತ್ತಾ ಓಡುತ್ತಾ ಆಫ್ ಆಗುತ್ತದೆ. ಸ್ವಲ್ಪ ಹೊತ್ತು ತಣ್ಣಗಾಗಲು ಬಿಟ್ಟರೆ ಏನೂ ಆಗದ ಹಾಗೆ ಮತ್ತೆ ಸ್ಟಾರ್ಟ್ ಆಗುತ್ತದೆ. ಫಿಲ್ಟರ್ ಬದಲಾಯಿಸಿದ್ದಾಯಿತು, ಒಂದೆರಡು ಸೆನ್ಸರ್ ಬದಲಾಯಿಸಿದ್ದಾಯಿತು, ಸರಿಹೋಗಲಿಲ್ಲ. ಕೊನೆಗೆ ತಪ್ಪೆಲ್ಲ ಇಸಿಎಂ ತಲೆಗೆ ಬರುತ್ತದೆ. ಇಂಜಿನ್ ಕಂಟ್ರೋಲ್ ಮಾಡ್ಯೂಲ್ ಎಂಬ ಆ ಮುಚ್ಚಿದ ಡಬ್ಬಿಯೊಳಗೆ ಏನಿದೆ ಎಂದು ಹೆಚ್ಚಿನವರು ನೋಡಿರುವುದಿಲ್ಲ. ಹಾಗಾಗಿ ಅನುಮಾನ ಅಲ್ಲಿಗೇ ಹೋಗುವುದು ಸಹಜ. ಆದರೆ ಹೊಸ ಇಸಿಎಂ ತರುವ ಮುಂಚೆ ಎರಡು ಪ್ರಶ್ನೆಗೆ ಉತ್ತರ ಬೇಕು. ಹಳೆಯದು ನಿಜವಾಗಿ ಸತ್ತಿದೆಯಾ? ಸತ್ತಿದ್ದರೆ, ಅದನ್ನು ಕೊಂದದ್ದು ಏನು?

ಆರು ಸಿಲಿಂಡರಿನ ಇಂಜಿನ್ ನಿಮಿಷಕ್ಕೆ 1800 ಸುತ್ತು ತಿರುಗುವಾಗ, ಇಸಿಎಂ ಸೆಕೆಂಡಿಗೆ 90 ಸಲ ಇಂಧನ ಚಿಮ್ಮಿಸಬೇಕು. ಪ್ರತಿ ಸಲವೂ ಕ್ರ್ಯಾಂಕ್ ಶಾಫ್ಟ್ ಎಲ್ಲಿದೆ, ಗಾಳಿ ಎಷ್ಟು ಬರುತ್ತಿದೆ, ನೀರು ಎಷ್ಟು ಬಿಸಿಯಾಗಿದೆ ಎಂದು ನೋಡಿಕೊಂಡು ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕು ಎಂದು ಲೆಕ್ಕ ಹಾಕುತ್ತದೆ. ಈ ಲೆಕ್ಕಕ್ಕೆಲ್ಲ ಆಧಾರ ಸೆನ್ಸರ್‌ಗಳಿಂದ ಬರುವ ಸಣ್ಣ ಸಣ್ಣ ವೋಲ್ಟೇಜ್. ಆ ವೋಲ್ಟೇಜ್ ಕೆಟ್ಟರೆ, ಚೆನ್ನಾಗಿರುವ ಇಸಿಎಂ ಕೂಡ ಕೆಟ್ಟ ಹಾಗೆ ನಡೆದುಕೊಳ್ಳುತ್ತದೆ.

ವೋಲ್ಟೇಜ್ ಕೆಡಿಸುವುದರಲ್ಲಿ ಮೊದಲ ಆರೋಪಿ ಅರ್ಥ್ ವೈರ್, ಅಂದರೆ ಕರೆಂಟನ್ನು ಬ್ಯಾಟರಿಯ ನೆಗೆಟಿವ್‌ಗೆ ವಾಪಸ್ ಒಯ್ಯುವ ವೈರ್. ಹಳೇ ಗಾಡಿಯಲ್ಲಿ ಬೋಲ್ಟ್ ತುಕ್ಕು ಹಿಡಿದಿರುತ್ತದೆ, ವೈರಿನೊಳಗೆ ಎಷ್ಟೋ ಎಳೆಗಳು ತುಂಡಾಗಿರುತ್ತವೆ. ಇದನ್ನು ಪ್ರತಿರೋಧ ಅಳೆಯುವ ಓಮ್ ಮೀಟರಿನಲ್ಲಿ ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಯಾಕೆಂದರೆ ಮೀಟರ್ ಹರಿಸುವ ಕರೆಂಟ್ ತೀರಾ ಕಡಿಮೆ, ಒಂದೇ ಎಳೆ ಉಳಿದಿದ್ದರೂ ಅದಕ್ಕೆ ಸಾಕು. ಸ್ಟಾರ್ಟರ್ ತಿರುಗುವಾಗ ಜಾಸ್ತಿ ಕರೆಂಟ್ ಹರಿದಾಗಲೇ ಬಣ್ಣ ಬಯಲಾಗುವುದು. ಆದ್ದರಿಂದ ಪರೀಕ್ಷೆಯನ್ನು ಕರೆಂಟ್ ಹರಿಯುತ್ತಿರುವಾಗ ಮಾಡಬೇಕು. ಬ್ಯಾಟರಿಯ ನೆಗೆಟಿವ್‌ಗೂ ಇಸಿಎಂನ ಅರ್ಥ್ ಪಿನ್ನಿಗೂ ನಡುವೆ ವೋಲ್ಟ್ ಮೀಟರ್ ಹಿಡಿದು ನೋಡಿ. ಸುಮಾರು 0.1 ವೋಲ್ಟ್ ಬಂದರೆ ಚಿಂತೆಯಿಲ್ಲ. ಅರ್ಧ ವೋಲ್ಟ್ ಬಂದರೆ ವೈರಿಂಗ್ ಬಿಚ್ಚಲೇಬೇಕು. ಸೆನ್ಸರ್ ಲೆಕ್ಕ ನಡೆಯುವುದು 5 ವೋಲ್ಟಿನೊಳಗೆ, ಅದರಲ್ಲಿ ಅರ್ಧ ವೋಲ್ಟ್ ಅಂದರೆ ಹತ್ತರಲ್ಲಿ ಒಂದು ಪಾಲು!

ಇನ್ನೊಂದು ಮೋಸ ಆ 5 ವೋಲ್ಟಿನದೇ. ಹಲವು ಸೆನ್ಸರ್‌ಗಳಿಗೆ ಇಸಿಎಂ ಒಂದೇ 5 ವೋಲ್ಟ್ ಲೈನನ್ನು ಹಂಚುತ್ತದೆ. ಒಂದು ಸೆನ್ಸರಿನ ವೈರ್ ಉಜ್ಜಿ ಗಾಡಿಯ ಲೋಹದ ಮೈಗೆ ತಾಗಿದರೂ ಸಾಕು, ಆ ಲೈನಿನಲ್ಲಿರುವ ಎಲ್ಲ ಸೆನ್ಸರ್‌ಗಳೂ ಒಟ್ಟಿಗೆ ಮಲಗುತ್ತವೆ. ನೋಡುವವರಿಗೆ ಇಸಿಎಂ ಹೋಯಿತು ಅನ್ನಿಸುತ್ತದೆ, ಅಲ್ವಾ? ಸೆನ್ಸರ್‌ಗಳನ್ನು ಒಂದೊಂದಾಗಿ ಬಿಚ್ಚುತ್ತಾ ಹೋಗಿ. ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ವಾಪಸ್ ಬರುತ್ತದೋ ಕಳ್ಳ ಅಲ್ಲೇ ಇದ್ದಾನೆ. ಯಾವುದನ್ನು ಬಿಚ್ಚಿದರೂ ಬರದಿದ್ದರೆ ಶಾರ್ಟ್ ವೈರಿನಲ್ಲೇ ಇರಬಹುದು.

ಇಷ್ಟೆಲ್ಲ ನೋಡಿದ ಮೇಲೂ ಬೆರಳು ಇಸಿಎಂ ಕಡೆಗೇ ತೋರಿದರೆ ಅದನ್ನು ನಂಬಬಹುದು. ಹಳೇ ಇಸಿಎಂಗಳು ವಯಸ್ಸಾಗಿ ಸಾಯುವ ಬಗೆಯೂ ಉಂಟು. ವೋಲ್ಟೇಜ್ ಏರುಪೇರಾಗದಂತೆ ನೋಡಿಕೊಳ್ಳುವ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಎಂಬ ಪುಟ್ಟ ಡಬ್ಬಿಯಲ್ಲಿ ಅಲ್ಯೂಮಿನಿಯಂ ಹಾಳೆಯ ಜೊತೆ ದ್ರವದಲ್ಲಿ ನೆನೆಸಿದ ಕಾಗದ ಸುತ್ತಿರುತ್ತದೆ. ಶಾಖ ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿದಂತೆ ಇದರ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ವರ್ಷಗಳು ಕಳೆದಂತೆ ದ್ರವ ಒಣಗುತ್ತದೆ, ಇಲ್ಲವೇ ಸೋರಿ ಬೋರ್ಡಿನ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಬೆಸುಗೆಯ ಕಥೆ ಬೇರೆ. ಬಿಸಿಯಾದಾಗ ಬೋರ್ಡ್ ಒಂದು ಅಳತೆಗೆ ಹಿಗ್ಗುತ್ತದೆ, ಅದರ ಮೇಲಿನ ಬಿಡಿಭಾಗ ಇನ್ನೊಂದು ಅಳತೆಗೆ. ನಡುವೆ ಸಿಕ್ಕಿದ ಬೆಸುಗೆ ದಿನವೂ ಎಳೆದಾಟಕ್ಕೆ ಸಿಕ್ಕಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಬಿಸಿಯಾದಾಗ ಬಿರುಕು ಬಾಯಿ ತೆರೆಯುತ್ತದೆ, ತಣ್ಣಗಾದಾಗ ಮುಚ್ಚಿಕೊಳ್ಳುತ್ತದೆ. ಬಿಸಿಯಲ್ಲಿ ನಿಂತು ತಣ್ಣಗಾದ ಮೇಲೆ ಸ್ಟಾರ್ಟ್ ಆಗುವ ಲಾರಿಯ ಗುಟ್ಟು ಇದಾಗಿರಬಹುದು. ಕ್ರ್ಯಾಂಕ್ ಸೆನ್ಸರ್ ಕೂಡ ಥೇಟ್ ಇದೇ ಆಟ ಆಡಬಲ್ಲದು, ಅದಕ್ಕೇ ಅದನ್ನೂ ಬಿಸಿಯಾಗಿರುವಾಗಲೇ ಪರೀಕ್ಷಿಸಬೇಕು.

ನನಗೆ ಎಲ್ಲಕ್ಕಿಂತ ಜಾಸ್ತಿ ಬೇಸರ ತರಿಸುವುದು ಮೂರನೇ ಬಗೆಯ ಸಾವು, ಯಾಕೆಂದರೆ ಅದು ಹೊಸ ಇಸಿಎಂನೂ ಬಿಡುವುದಿಲ್ಲ. ಇಂಜೆಕ್ಟರ್, ಸೊಲೆನಾಯ್ಡ್ (ಕರೆಂಟ್ ಹರಿದಾಗ ಆಯಸ್ಕಾಂತವಾಗಿ ಎಳೆಯುವ ಸುರುಳಿ), ರಿಲೇ ಇವನ್ನೆಲ್ಲ ಇಸಿಎಂನೊಳಗೆ ಸ್ವಿಚ್ಚಿನ ಹಾಗೆ ಕೆಲಸ ಮಾಡುವ ಡ್ರೈವರ್ ಟ್ರಾನ್ಸಿಸ್ಟರ್‌ಗಳು ನಡೆಸುತ್ತವೆ. 24 ವೋಲ್ಟಿನ ಗಾಡಿಯಲ್ಲಿ 24 ಓಮ್ ಇರುವ ಸೊಲೆನಾಯ್ಡ್ ಎಳೆಯುವುದು 1 ಆಂಪಿಯರ್. ಅದರ ಸುರುಳಿಯ ಇನ್ಸುಲೇಷನ್ ಸುಟ್ಟು ಸುತ್ತುಗಳು ಒಂದಕ್ಕೊಂದು ತಾಗಿ 6 ಓಮ್‌ಗೆ ಇಳಿಯಿತು ಅನ್ನಿ. ಕರೆಂಟ್ 4 ಆಂಪಿಯರ್ ಆಗುತ್ತದೆ. ದಾರಿಯ ಪ್ರತಿರೋಧದಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು 16 ಪಟ್ಟಾಗುತ್ತದೆ! ಟ್ರಾನ್ಸಿಸ್ಟರ್ ಸುಟ್ಟುಹೋಗುವುದರಲ್ಲಿ ಆಶ್ಚರ್ಯವೇನಿಲ್ಲ. ಆ ಸೊಲೆನಾಯ್ಡನ್ನು ಹಾಗೇ ಬಿಟ್ಟು ಹೊಸ ಇಸಿಎಂ ಹಾಕಿದರೆ ಅದೂ ಹಳೆಯದರ ದಾರಿ ಹಿಡಿಯುತ್ತದೆ. ಇಸಿಎಂ ಕೂರಿಸುವ ಮುಂಚೆ ಅದಕ್ಕೆ ಸೇರುವ ಪ್ರತಿ ಸುರುಳಿಯ ಓಮ್ ಅಳೆದು ಕಂಪನಿ ಕೊಟ್ಟ ಅಳತೆಗೆ ಹೋಲಿಸಲೇಬೇಕು. ಹೊಸ ಡಬ್ಬಿ ಹಾಕುವ ಅವಸರದಲ್ಲಿ ಇದನ್ನು ಬಿಟ್ಟರೆ ದುಡ್ಡು ಎರಡನೇ ಸಲ ಹೋಗುತ್ತದೆ.

ಬದಲಿಸುವಾಗ ಪಾರ್ಟ್ ನಂಬರ್ ಒಂದೇ ಇದ್ದರೆ ಸಾಲದು. ಇಂಜಿನ್ನಿನ ಶಕ್ತಿ, ಗೇರ್, ಚಕ್ರದ ಅಳತೆಗೆ ಹೊಂದುವ ಲೆಕ್ಕಗಳು ಇಸಿಎಂ ನೆನಪಿನಲ್ಲಿರುತ್ತವೆ. ಕೆಲವು ಹಳೇ ಮಾಡೆಲ್‌ಗಳಲ್ಲಿ ಇವು ಬಿಚ್ಚಿ ತೆಗೆಯಬಹುದಾದ ಚಿಪ್‌ನಲ್ಲಿರುತ್ತವೆ, ಅದನ್ನು ಜೋಪಾನವಾಗಿ ಹೊಸ ಬೋರ್ಡಿಗೆ ದಾಟಿಸಬೇಕು. ಆಮೇಲೆ ಬಂದವಕ್ಕೆ ಸಾಫ್ಟ್‌ವೇರ್ ತುಂಬಬೇಕು. ಕಾಮನ್ ರೈಲ್ (ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಕೊಳವೆಯಿಂದ ಇಂಧನ ಹೋಗುವ) ಡೀಸೆಲ್ ಇಂಜಿನ್ನಿನಲ್ಲಿ ಪ್ರತಿ ಇಂಜೆಕ್ಟರಿನ ಮೇಲೂ ಅದರದೇ ಕೋಡ್ ಅಚ್ಚಾಗಿರಬಹುದು, ಅದನ್ನೂ ಆಯಾ ಸಿಲಿಂಡರಿನ ಲೆಕ್ಕದಲ್ಲಿ ಸೇರಿಸಬೇಕು. ಹಳೇ ಇಸಿಎಂ ಅರೆಜೀವವಾಗಿದ್ದರೂ ಮೊದಲು ಅದರಲ್ಲಿರುವುದನ್ನೆಲ್ಲ ಓದಿಟ್ಟುಕೊಳ್ಳಿ. ಅದನ್ನು ಎಸೆಯಬೇಡಿ. ಕೆಪಾಸಿಟರ್ ಅಥವಾ ಟ್ರಾನ್ಸಿಸ್ಟರ್ ಬದಲಾಯಿಸಿ ಬೋರ್ಡನ್ನೇ ರಿಪೇರಿ ಮಾಡಬಲ್ಲವರಿದ್ದಾರೆ.

ಕೀ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ತೆಗೆದು, ಕೆಲವು ನಿಮಿಷ ಬಿಟ್ಟು ಕನೆಕ್ಟರ್ ಬಿಚ್ಚಿ. ಪಿನ್ನುಗಳ ಮೇಲೆ ಹಸಿರು ಕಿಲುಬು ಕಂಡರೆ ನೀರು ಎಲ್ಲಿಂದ ಬಂತು ಎಂದು ಹುಡುಕಿ. ಕೆಲವೊಮ್ಮೆ ಅದು ದೂರದ ಸೆನ್ಸರಿನಿಂದ ವೈರಿನ ಎಳೆಗಳ ನಡುವೆ ಹರಿದು ಬಂದಿರುತ್ತದೆ. ಹೊಸ ಇಸಿಎಂಗೆ ಈ ಇಂಜಿನ್ನಿನ ಪರಿಚಯ ಇರುವುದಿಲ್ಲ. ಐಡ್ಲಿಂಗ್ ಮೊದಲು ಸ್ವಲ್ಪ ಏರುಪೇರಾಗಬಹುದು, ಓಡಿಸುತ್ತಾ ಓಡಿಸುತ್ತಾ ಅದು ತಾನೇ ಕಲಿಯುತ್ತದೆ. ಒಮ್ಮೆ ಲೋಡ್ ಹಾಕಿ, ಇಂಜಿನ್ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ, ಆಮೇಲೆ ಇಸಿಎಂನಲ್ಲಿ ದಾಖಲಾದ ದೋಷಗಳನ್ನು ಓದುವ ಸ್ಕ್ಯಾನರ್ ಹಾಕಿ ನೋಡಿ.