ಎರಿ ಹೊಲದ ಜೀಪು, ಸರಾಸರಿಯ ಲೆಕ್ಕ

ವಿಜಯಪುರದ ಡೋಣಿ ನದಿ ದಂಡೆಯ ಎರಿ ಮಣ್ಣಿಗೆ ಒಂದು ಹದ ಮಳೆ ಬಿದ್ದರೆ ಸಾಕು, ಟೈರಿಗೆ ಮೆತ್ತಿಕೊಂಡು ಮಡ್‌ಗಾರ್ಡಿನೊಳಗೆ ಗಚ್ಚಿನಂತೆ ತುಂಬುತ್ತದೆ. ಕಳೆದ ಮುಂಗಾರಿನಲ್ಲಿ ಕಾಕಾನ ಹೊಲದ ದಾರಿಯಲ್ಲಿ ನಮ್ಮ ಕಾರು ಹೂತಾಗ ಎಳೆದು ತೆಗೆದದ್ದು ಪಕ್ಕದ ಹೊಲದವರ ಹಳೆಯ ಮಾರುತಿ ಜಿಪ್ಸಿ ಜೀಪು. ಗೇರಿನ ಪಕ್ಕದ ಸಣ್ಣ ಲಿವರನ್ನು ಅವರು '4ಎಲ್'ಗೆ, ಅಂದರೆ ನಾಲ್ಕೂ ಚಕ್ರ ಎಳೆಯುವ ನಿಧಾನದ ಗೇರಿಗೆ ಹಾಕಿದರು. ಎಂಜಿನ್ ಭರ್ರನೆ ತಿರುಗುತ್ತಿದ್ದರೂ ಚಕ್ರಗಳದು ಎತ್ತಿನ ನಡಿಗೆ. ವೇಗ ಕೊಟ್ಟು ಬಲ ಕೊಳ್ಳುವ ವ್ಯವಹಾರ ಅದು.

ಆ ಬಲಕ್ಕೆ ಇನ್ನೊಂದು ಗೇರ್ ಪೆಟ್ಟಿಗೆ, ಮುಂದಿನ ಚಕ್ರಗಳಿಗೂ ಶಾಫ್ಟು, ಗಟ್ಟಿ ಚಾಸಿ ಬೇಕು. ಎಲ್ಲವೂ ತೂಕವೇ. ಎತ್ತರದ ಚೌಕು ಮೈಗೆ ಗಾಳಿಯ ತಡೆಯೂ ಜಾಸ್ತಿ. ವೇಗ ಇಮ್ಮಡಿಯಾದರೆ ಆ ತಡೆ ನಾಲ್ಕು ಪಟ್ಟಾಗುತ್ತದೆ. ಮೈಲೇಜ್ ಪರೀಕ್ಷೆ ನಡೆಯುವುದೋ ಪ್ರಯೋಗಾಲಯದ ರೋಲರ್ ಮೇಲೆ. ಅಲ್ಲಿ ಕೆಸರಿಲ್ಲ. ಜೀಪು ಕುಡಿಯುವ ಎಣ್ಣೆ ಲೆಕ್ಕಕ್ಕೆ ಬರುತ್ತದೆ, ದುಡಿಮೆ ಬರುವುದಿಲ್ಲ.

ನಮ್ಮಲ್ಲಿ 2017ರಿಂದ ಇರುವ 'ಕೆಫೆ' (CAFE, ಕಂಪನಿಯ ಸರಾಸರಿ ಇಂಧನ ದಕ್ಷತೆ) ನಿಯಮ ಯಾವ ಗಾಡಿಯನ್ನೂ ನಿಷೇಧಿಸುವುದಿಲ್ಲ. ಕಂಪನಿಯೊಂದು ವರ್ಷದಲ್ಲಿ ಮಾರಿದ ಎಲ್ಲ ಕಾರುಗಳ ಸರಾಸರಿ ನೋಡುತ್ತದೆ. ಮೊದಲು ಕಿಲೋಮೀಟರಿಗೆ 130 ಗ್ರಾಂ ಇಂಗಾಲದ ಡೈಆಕ್ಸೈಡ್ ಇದ್ದ ಮಿತಿ 2022-23ರಿಂದ 113ರ ಆಸುಪಾಸಿಗೆ ಇಳಿದಿದೆ. ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.37 ಕೆಜಿ ಡೈಆಕ್ಸೈಡ್. ಲೀಟರಿಗೆ 16.94 ಕಿ.ಮೀ. ಎಂದು ಘೋಷಿತವಾದ, ಸುಜುಕಿಯ ಸಣ್ಣ ಜೀಪು ಜಿಮ್ನಿಯ ಪಾಲು 140 ಗ್ರಾಂ. ಅದನ್ನು ಸರಿದೂಗಿಸುವುದು ಅದೇ ಕಂಪನಿಯ ಸಣ್ಣ ಕಾರುಗಳು.

ಯುರೋಪಿನಲ್ಲಿ ಹಾಗೆ ಸರಿದೂಗಲಿಲ್ಲ. ಅಲ್ಲಿ ಆಗ ಗುರಿ 95 ಗ್ರಾಂ ಇತ್ತು. ಮೀರಿದ ಪ್ರತಿ ಗ್ರಾಮಿಗೆ, ಪ್ರತಿ ಕಾರಿಗೆ 95 ಯೂರೊ ದಂಡ. 2020ರಲ್ಲಿ ಜಿಮ್ನಿ ಮಾರುಕಟ್ಟೆಯಿಂದ ಸರಿಯಿತು. ಆಮೇಲೆ ಹಿಂದಿನ ಸೀಟು ತೆಗೆಸಿಕೊಂಡು ಸರಕಿನ ಗಾಡಿಯಾಗಿ ಮರಳಿತು, ಏಕೆಂದರೆ ಆ ವರ್ಗದ ಗುರಿ ಆಗ 147 ಗ್ರಾಂ ಇತ್ತು. ಎಂಜಿನ್ ಅದೇ, ಹೊಗೆಯೂ ಅದೇ.

ನಿಯಮ ಬೇಕೇ ಬೇಕು. ಹೊಗೆಯಿಂದ ಹವಾಮಾನ ಕೆಟ್ಟು ಮಳೆ ಕೈಕೊಟ್ಟರೆ ಏನಾಗುತ್ತದೆಂದು ನಮ್ಮ ಜಿಲ್ಲೆಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಕಂಪನಿಯ ಕಾರುಗಳ ಸರಾಸರಿ ತೂಕ ಹೆಚ್ಚಿದಷ್ಟೂ ಮಿತಿ ಸಡಿಲವಾಗುವುದು ನನಗೆ ಸರಿ ಕಾಣುವುದಿಲ್ಲ. ಡಾಂಬರು ಬಿಟ್ಟಿಳಿಯದ ಭಾರಿ ಎಸ್‌ಯುವಿಗೆ ಅದರಿಂದ ಅನುಕೂಲ. ಕೆಸರಿನಲ್ಲಿ ಹಗುರ ಗಾಡಿಯೇ ಹೂಳದೆ ನಡೆಯುತ್ತದೆ, ಅದಕ್ಕೆ ಮಾತ್ರ ಬಿಗಿ.

ಈಗಿನ ಸರಾಸರಿ ಲೆಕ್ಕದಲ್ಲಿ ಹೊಗೆ ಬಿಡದ ಒಂದು ವಿದ್ಯುತ್ ಕಾರನ್ನು ಮೂರೆಂದು ಎಣಿಸುತ್ತಾರೆ. ಬೆಂಗಳೂರಿನಲ್ಲಿ ಅಂಥದೊಂದು ಮಾರಾಟವಾದರೆ, ಅದೇ ಕಂಪನಿಯ ಜೀಪಿಗೆ ಡೋಣಿ ದಂಡೆಯಲ್ಲಿ ಅಷ್ಟು ಜಾಗ ಉಳಿಯುತ್ತದೆ.