ಸ್ಕ್ಯಾನ್ ಮಾಡಿಸಿದರೆ ಸೈಕೋಪಾತ್ ಯಾರು ಅಂತ ಗೊತ್ತಾಗುತ್ತಾ?

ಈ ಪ್ರಶ್ನೆ ಮತ್ತೆ ಬಂದಿದೆ. ಈ ಸಲ ಕೇಳಿದವರು ಒಬ್ಬ ತಾಯಿ. ಮಗನಿಗೆ ದುಡುಕು ಜಾಸ್ತಿ, ಮೊದಲು ಮಾಡಿ ಆಮೇಲೆ ಯೋಚಿಸುತ್ತಾನೆ, ಎಂಆರ್‌ಐ ಮಾಡಿಸಲಾ ಅಂತ.

ಬೇಡಮ್ಮ. ಸೈಕೋಪಾತ್ ಅಂದರೆ ಕರುಣೆ, ಪಶ್ಚಾತ್ತಾಪ ಇಲ್ಲದಂಥ ಸ್ವಭಾವದವರು. ಒಬ್ಬರು ಹಾಗೆ ಹೌದೋ ಅಲ್ಲವೋ ಅಂತ ಹೇಳುವ ಸ್ಕ್ಯಾನ್ ಇಲ್ಲವೇ ಇಲ್ಲ. ಎಷ್ಟು ಸಲ ಹೇಳಿದರೂ ಈ ನಂಬಿಕೆ ಹೋಗುತ್ತಿಲ್ಲ, ಹಾಗಾಗಿ ಬಿಡಿಸಿಯೇ ಹೇಳುತ್ತೇನೆ.

ಮೆದುಳಿನ ಆಳದಲ್ಲಿ ಸ್ಟ್ರಯೇಟಮ್ ಅನ್ನುವ ಭಾಗವಿದೆ. 'ಅದು ನನಗೆ ಬೇಕು' ಅನ್ನುವ ಸೆಳೆತದಲ್ಲಿ ಅದರ ಪಾತ್ರ ದೊಡ್ಡದು. ಸಿಂಗಪುರ ಮತ್ತು ಅಮೆರಿಕದ ಸಂಶೋಧಕರು ಅಮೆರಿಕದ 120 ಜನರ ಮೆದುಳನ್ನು ನೋಡಿ 2022ರಲ್ಲಿ ವರದಿ ಮಾಡಿದರು. ಸೈಕೋಪತಿಯ ಲಕ್ಷಣಗಳಿದ್ದವರಲ್ಲಿ ಈ ಭಾಗ ಸರಾಸರಿ 10% ದೊಡ್ಡದಿತ್ತು. ದುಡುಕು, ಥ್ರಿಲ್ ಹುಡುಕುವ ಸ್ವಭಾವಕ್ಕೂ ಇದಕ್ಕೂ ನಂಟು ಕಂಡಿತು.

'ಸರಾಸರಿ' ಅನ್ನುವ ಪದವನ್ನು ಬಿಟ್ಟು ಓದುವುದರಿಂದಲೇ ಎಡವಟ್ಟು. ಗಂಡಸರು ಸರಾಸರಿ ಹೆಂಗಸರಿಗಿಂತ ಎತ್ತರ, ಅಲ್ವಾ? ಬಾಗಿಲಾಚೆ ಐದೂವರೆ ಅಡಿಯವರೊಬ್ಬರು ನಿಂತಿದ್ದಾರೆ ಅಂದರೆ, ಗಂಡಸೋ ಹೆಂಗಸೋ ಹೇಳಿ ನೋಡೋಣ. ಸ್ಟ್ರಯೇಟಮ್ ದೊಡ್ಡದಿದ್ದೂ ತಣ್ಣಗೆ ಬದುಕುವವರಿದ್ದಾರೆ.

ಕ್ಯಾಲಿಫೋರ್ನಿಯಾದ ನರವಿಜ್ಞಾನಿ ಜೇಮ್ಸ್ ಫ್ಯಾಲನ್ ಕೊಲೆಗಾರರ ಸ್ಕ್ಯಾನ್‌ಗಳನ್ನು ನೋಡುತ್ತಿದ್ದರು. ಅದೇ ಹೊತ್ತಿಗೆ ತಮ್ಮ ಮನೆಯವರ ಸ್ಕ್ಯಾನ್‌ಗಳಲ್ಲೂ ಅಂಥದ್ದೊಂದು ಸಿಕ್ಕಿತು. ಯಾರದು ಅಂತ ನೋಡಿದರೆ ಅವರದೇ. ಸೈಕೋಪತಿಯ ಕೆಲವು ಲಕ್ಷಣಗಳು ತಮ್ಮಲ್ಲಿವೆ ಅಂತ ಅವರೇ ಒಪ್ಪಿಕೊಂಡರು. ಆದರೆ ಅವರು ಸಂಸಾರಸ್ಥರಾಗಿದ್ದರು, ಪ್ರೊಫೆಸರ್ ಆಗಿದ್ದರು, ಕೊಲೆಗಾರರಾಗಿರಲಿಲ್ಲ.

ಹಾಗಾದರೆ ಗುರುತಿಸುವುದು ಹೇಗೆ? ಕೆನಡಾದ ಮನಶ್ಶಾಸ್ತ್ರಜ್ಞ ರಾಬರ್ಟ್ ಹೇರ್ ಮಾಡಿದ 20 ಅಂಶಗಳ ಪಟ್ಟಿಯಿದೆ. ತರಬೇತಿ ಪಡೆದವರು ಸಂದರ್ಶನ ಮಾಡಿ, ದಾಖಲೆ ನೋಡಿ ಅಂಕ ಕೊಡುತ್ತಾರೆ. ದುಡುಕು ಅದರಲ್ಲಿ ಒಂದು ಅಂಶ. ಕರುಣೆ ಇಲ್ಲದಿರುವುದು, ಪಶ್ಚಾತ್ತಾಪ ಇಲ್ಲದಿರುವುದು, ಸರಾಗವಾಗಿ ಸುಳ್ಳು ಹೇಳುವುದು, ಇವೆಲ್ಲ ಬೇರೆ ಬೇರೆ ಅಂಶಗಳು. ತಪ್ಪು ಮಾಡಿ ಆಮೇಲೆ ಅಳುವ ಹುಡುಗನನ್ನು ಸುಮ್ನೆ ಈ ಸಾಲಿಗೆ ಸೇರಿಸಬೇಡಿ. ದುಡುಕಿಗೆ ಕಡಿವಾಣ ಹಾಕುವ ಹಣೆಯ ಹಿಂದಿನ ಭಾಗ ಬಲಿಯುವುದು ಇಪ್ಪತ್ತೈದರ ಆಸುಪಾಸಿಗೆ. ಅಷ್ಟಾದರೂ ಚಿಂತೆಯಿದ್ದರೆ ಮನೋವೈದ್ಯರ ಹತ್ತಿರ ಕೂತು ಮಾತಾಡಿಸಿ.

ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ಪೊಲೀಸರ 'ಬ್ರೈನ್ ಮ್ಯಾಪಿಂಗ್' ಇದಲ್ಲ. ಅಲ್ಲಿ ತಲೆಗೆ ಎಲೆಕ್ಟ್ರೋಡ್ ಹಚ್ಚಿ, ಅಪರಾಧಕ್ಕೆ ಸಂಬಂಧಿಸಿದ ಮಾತು ಕೇಳಿಸಿ, ಮೆದುಳಿನ ವಿದ್ಯುತ್ ಅಲೆ ನೋಡುತ್ತಾರೆ. ಮೆದುಳಿನ ರಚನೆ ಅದರಲ್ಲಿ ಕಾಣುವುದಿಲ್ಲ. ಒಪ್ಪಿಗೆಯಿಲ್ಲದೆ ಅದನ್ನು ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ, ಸೆಲ್ವಿ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ. ಒಪ್ಪಿ ಕೂತರೂ ಆ ಫಲಿತಾಂಶವೇ ಸಾಕ್ಷಿಯಾಗುವುದಿಲ್ಲ. ಅದರ ಸುಳಿವಿನಿಂದ ಮುಂದೆ ಏನಾದರೂ ಸಿಕ್ಕರೆ ಅದನ್ನು ಕೋರ್ಟ್ ಪರಿಗಣಿಸಬಹುದು.